ಹಿಡಿಯ ಮೇಲಿನ ಕರಿಬೂದಿ

ಐಸ್‌ಲ್ಯಾಂಡ್, ಜಲಪಾತದ ನೆತ್ತಿಯಿಂದ
ಸೆಪ್ಟೆಂಬರ್ ೩೧, ೨೧೩೪

ಹಾಂ, ನಿನ್ನೆಯ ಕಾಗದವನ್ನು ಗಾಳಿಯ ವಿಷಯದಲ್ಲಿ ನಿಲ್ಲಿಸಿದ್ದೆ ಅಲ್ಲವೇ. ಗಾಳಿ ಇವತ್ತೂ ಇದೆ, ಅದರ ಮಾತು ಬಿಡಿ, ನಾನು ಮೇಲೆ ಬಂದಿದ್ದೇನೆ. ಒಬ್ಬನೇ ಬಂದಿದ್ದೇನೆ. ತೊಡೆಯ ಮೇಲೆ ಹಾಳೆಯಿಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಹೊಟ್ಟೆಗೆ ಹಾಕಿಕೊಳ್ಳಿ. ಮೇಲಿನ ತಾರೀಖು ನೋಡಿ ಮುದುಕನಿಗೆ ಅರಳುಮರಳು ಅಂದುಕೊಳ್ಳಬೇಡಿ. ನೂರು ವರ್ಷ ಹಿಂದಿನವರಾದ ನಿಮ್ಮ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್‌ಗೆ ಮೂವತ್ತೇ ದಿನ. ನಮ್ಮ ಕಾಲಕ್ಕೆ ಈ ದೇಶದವರು, ನಮ್ಮ ಅಧಿಕಮಾಸದ ಹಾಗೆ, ಆರು ವರ್ಷಕ್ಕೊಮ್ಮೆ ಒಂದು ಅಧಿಕ ದಿನ ಸೇರಿಸಿಕೊಂಡಿದ್ದಾರೆ. ಆ ದಿನ ಅಂಗಡಿ ಇಲ್ಲ, ಆಫೀಸು ಇಲ್ಲ; ಬೆಟ್ಟಗಳಲ್ಲಿ ಕಟ್ಟಿದ ಹೊಸ ದಾರಿಗಳನ್ನು ಪರೀಕ್ಷೆ ಮಾಡಿ ತೆರೆಯುವುದೊಂದೇ ಕೆಲಸ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ, ನೂರು ವರ್ಷದಲ್ಲಿ ಕನ್ನಡ ಎಷ್ಟೋ ಸಲ ಮಗ್ಗುಲು ಬದಲಾಯಿಸಿದೆ. ಇಂಗ್ಲಿಷನ್ನಂತೂ ನೀವು ದಿನಾ ಬಳಸುತ್ತಿದ್ದಿರಂತೆ. ನಾವು ಕಾಲೇಜಿನಲ್ಲಿ ಎರಡು ವರ್ಷ ಅದನ್ನು ಹಳೆಯ ಭಾಷೆ ಎಂದು ಓದಿದೆವು. ನನಗೆ ಉಳಿದಿರುವುದು ‘ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ’ ಅಷ್ಟೇ. ಡ್ಯೂ ಆದ ಮೇಲೆ ಏನೋ ಇತ್ತು.

ನಾನು ಕಂಪ್ಲಿಯ ಗಾದಿಲಿಂಗಪ್ಪ, ಎಪ್ಪತ್ತೊಂಬತ್ತು ವರ್ಷ, ಕಾಲುವೆಯ ತೂಬು ಎತ್ತಿ ಇಳಿಸಿ ಬದುಕಿದವನು. ನೀರು ಎಂದರೆ ನನಗೆ ಸಾಲಾಗಿ ಹರಿಯುವುದು. ಇಲ್ಲಿ ನೋಡಿದರೆ ಇಡೀ ಹೊಳೆ ಬಂಡೆಯ ಅಂಚಿನಿಂದ ನೆಗೆದು, ಕೆಳಗೆ ತಲುಪುವ ಮೊದಲೇ ಅರ್ಧ ಹೊಗೆಯಾಗಿಬಿಡುತ್ತದೆ. ಸ್ಪ್ಲೆಂಡಿಡ್. ಇದೊಂದು ಶಬ್ದವನ್ನೂ ಕಾಲೇಜಿನಿಂದ ಇಟ್ಟುಕೊಂಡು ಬಂದಿದ್ದೆ, ಖರ್ಚು ಮಾಡಲು ಜಾಗ ಸಿಕ್ಕಿರಲಿಲ್ಲ. ಸೊಂಟ ಮುರಿದು ಮೂರು ವರ್ಷದಿಂದ ಗಾಲಿಕುರ್ಚಿಯಲ್ಲಿದ್ದೇನೆ, ಆದರೂ ಈ ವಾರ ನಾನು ತಿರುಗಿದಷ್ಟು ಕಾಲಿದ್ದಾಗ ತಿರುಗಿರಲಿಲ್ಲ. ಇಲ್ಲಿಯ ಬಸ್ಸು ಹಂಪಿಯ ಆನೆಯ ಹಾಗೆ ಮೊಣಕಾಲೂರಿ ಹತ್ತಿಸಿಕೊಳ್ಳುತ್ತದೆ. ಕಡಲತೀರದ ಕರಿಮರಳಿನ ಮೇಲೆ ಅಲೆಯ ಅಂಚಿನವರೆಗೂ ಚಾಪೆರಸ್ತೆ ಹಾಸುತ್ತಾರೆ, ಸಂಜೆ ಸುತ್ತಿಡುತ್ತಾರೆ. ಬಿಸಿನೀರಿನ ಹೊಂಡಕ್ಕೆ ಮೆಟ್ಟಿಲಿಲ್ಲ, ಇಳಿಜಾರು. ಕುರ್ಚಿ ಸಮೇತ ಕುತ್ತಿಗೆಯವರೆಗೆ ಇಳಿದೆ, ಅಜ್ಜಿ ಹಂಡೆಯ ಬುಡದಲ್ಲಿ ಕೂರಿಸಿ ನೀರು ಸುರಿಯುತ್ತಿದ್ದದ್ದು ನೆನಪಾಯಿತು. ಜೊತೆಗೆ ಬಂದ ವಿರುಪಣ್ಣ, ನನ್ನ ಹೆಂಡತಿಯ ತಮ್ಮ, ಗಟ್ಟಿಯಾಗಿ ಒಣಗಿಸಿದ ಜೋಳದ ಕಟಿರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಬಂದಿದ್ದಾನೆ. ಹೊಂಡದ ದಂಡೆಯಲ್ಲಿ ಅದನ್ನು ತಿಂದ ಇಲ್ಲಿಯವರೊಬ್ಬರು ಇದು ಮನೆಗೆ ಹೊದಿಸುವ ಹೆಂಚೇ ಎಂದು ಕೇಳಿದರಂತೆ. ಅವನು ಎರಡು ದಿನ ಅವರೊಂದಿಗೆ ಮಾತು ಬಿಟ್ಟಿದ್ದ, ಅವರಿಗದು ತಿಳಿಯಲೂ ಇಲ್ಲ.

ಇರಲಿ, ದಾರಿಯ ಮಾತಿಗೆ ಬರುತ್ತೇನೆ. ಹನ್ನೆರಡು ಮೊಳ ಹೋದರೆ ಒಂದು ಮೊಳ ಏರು, ಅದಕ್ಕಿಂತ ಕಡಿದಿರಬಾರದು. ಪ್ರತಿ ತಿರುವಿನಲ್ಲೂ ಒಂದು ದಣಿವುಕಟ್ಟೆ, ಎಂದರೆ ಕುರ್ಚಿ ನಿಲ್ಲಿಸಿ ತೋಳು ಸುಧಾರಿಸಿಕೊಳ್ಳುವ ಮಟ್ಟಸದ ಜಾಗ. ತಲೆಹೊರೆಯವರಿಗೆ ನಮ್ಮ ಹಿರಿಯರು ಹೊರೆಗಲ್ಲು ನಿಲ್ಲಿಸುತ್ತಿದ್ದರಲ್ಲ, ಹಾಗೆ. ಕಟ್ಟಿದ ದಾರಿಯಲ್ಲಿ ಮೊದಲು ಹೋಗುವುದು ಕುರ್ಚಿಯಲ್ಲಿರುವವರು. ಅವರನ್ನು ಮೊದಲಗಾಲಿ ಎನ್ನುತ್ತಾರೆ. ಮೋಟರಿಲ್ಲದ ಕುರ್ಚಿಯಲ್ಲಿ, ಕತ್ತಲಾಗುವ ಮೊದಲು, ಹತ್ತಿ ಇಳಿಯಬೇಕು. ಯಾರೂ ಮುಟ್ಟಬಾರದು. ಕುರ್ಚಿಯ ಹಿಂದೆ ತಳ್ಳುವ ಹಿಡಿಗಳಿವೆಯಲ್ಲ, ಅದಕ್ಕೆ ಜ್ವಾಲಾಮುಖಿಯ ಕರಿಬೂದಿಯನ್ನು ಕೊಬ್ಬಿನಲ್ಲಿ ಕಲಸಿ ಬಳಿಯುತ್ತಾರೆ. ಮುಟ್ಟಿದವನ ಅಂಗೈ ಕಪ್ಪಾದರೆ ದಾರಿ ಫೇಲು; ಒಡೆದು ಮತ್ತೆ ಕಟ್ಟಬೇಕು, ಮುಂದಿನ ಅಧಿಕ ದಿನದವರೆಗೆ ಕಾಯಬೇಕು. ಎರಡನೆಯ ಸಲವೂ ಫೇಲಾದರೆ ಕಲ್ಲು ಕಿತ್ತು ಜಾಗವನ್ನು ಪಾಚಿಗೆ ಬಿಟ್ಟುಕೊಡುತ್ತಾರೆ. ಆಮೇಲೆ ಕುರ್ಚಿಯವರಿಗೆ ಈ ನೀರು ಚಿತ್ರದಲ್ಲಿ ಮಾತ್ರ.

ಈ ದಾರಿ ಒಮ್ಮೆ ಫೇಲಾಗಿದೆ. ಫೇಲು ಮಾಡಿದವನು ನಾನು. ಆರು ವರ್ಷದ ಹಿಂದೆ ಇದರ ಮೊದಲಗಾಲಿ ನನ್ನ ಹೆಂಡತಿ ಪಂಪಾವತಿ. ಮೂವತ್ತನೇ ವಯಸ್ಸಿಗೆ ಮಾಳಿಗೆಯಿಂದ ಬಿದ್ದು ಬೆನ್ನುಹುರಿ ಹೋದವಳು, ಮೂವತ್ತೊಂದು ವರ್ಷ ನಾನು ತಳ್ಳಿದ್ದೆ. ಅವತ್ತು ನಾನು ಹತ್ತು ಹೆಜ್ಜೆ ಹಿಂದೆ ನಡೆದು ಬರುತ್ತಿದ್ದೆ, ಅಷ್ಟಕ್ಕೆ ಅಪ್ಪಣೆಯಿತ್ತು. ಕೊನೆಯ ತಿರುವಿನಲ್ಲಿ ಗಾಳಿ ಬೀಸಿ ಕುರ್ಚಿ ಒಂದು ಗೇಣು ಹಿಂದೆ ಸರಿಯಿತು. ನಾನು ಯೋಚಿಸಲಿಲ್ಲ. ಓಡಿಹೋಗಿ ಹಿಡಿದುಬಿಟ್ಟಿದ್ದೆ. ಅವಳು ತಿರುಗಿ ನೋಡಲೂ ಇಲ್ಲ.

‘ರೀ, ಕೈ ತಗೀರಿ. ನಾನು ಬೀಳ್ತಿದ್ದಿಲ್ಲ, ಬ್ರೇಕ್ ಹಾಕಿ ನಿಂತಿದ್ದೆ.’

ನನ್ನ ಅಂಗೈ ಕಪ್ಪಾಗಿತ್ತು. ದಾರಿ ಕಟ್ಟಿಸಿದ ಮೇಸ್ತ್ರಿ ಸಿಗ್ರೂನ್ ಬೈಯಲಿಲ್ಲ, ಕೈತೊಳೆಯಲು ಬಿಸಿನೀರು ತಂದುಕೊಟ್ಟರು. ಅದೇ ನೋವಾದದ್ದು. ವಾಪಸು ಬಸ್ಸಿನಲ್ಲಿ ಪಂಪಾವತಿ ನಗುತ್ತಲೇ ಕೇಳಿದಳು, ಇಷ್ಟು ವರ್ಷದಲ್ಲಿ ನನ್ನ ಕೇಳಿ ತಳ್ಳಿದ್ದು ಎಷ್ಟು ಸಲ, ಬೆರಳೆಣಿಸಿ ಹೇಳಿ ಎಂದು. ನಾನು ಎಣಿಸಿದೆ. ಬೆರಳುಗಳೇ ಹೆಚ್ಚಾಗಿ ಉಳಿದವು. ಈ ನೀರು ನೋಡದೆಯೇ, ಎರಡು ವರ್ಷದ ಮೇಲೆ ತೀರಿಹೋದಳು. ನನ್ನ ಸೊಂಟ ಮುರಿದಾಗ ಊರವರು ಅಯ್ಯೋ ಅಂದರು; ನಾನು ಸಿಗ್ರೂನ್‌ಗೆ ಕಾಗದ ಬರೆದು ಮೊದಲಗಾಲಿಗೆ ಹೆಸರು ಕೊಟ್ಟೆ.

ಕೇಳದೆ ತಳ್ಳುವುದು ನನ್ನೊಬ್ಬನ ತಪ್ಪಲ್ಲ, ನಿಮ್ಮಿಂದಲೇ ಇಳಿದು ಬಂದದ್ದು, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ನಿಮ್ಮ ಕಾಲದ ಒಂದು ಕಥೆಯಿದೆ. ಬೆಟ್ಟದ ದೇವರಿಗೆ ಹೋದಾಗ ಗಾಲಿಕುರ್ಚಿಯ ಹೆಂಗಸೊಬ್ಬಳು ಮೆಟ್ಟಿಲ ಬುಡದಲ್ಲಿದ್ದಳಂತೆ. ನನ್ನ ಮುತ್ತಾತ ಮತ್ತು ಮೂವರು, ‘ಬಿಡವ್ವ, ಎತ್ತೇಬಿಡ್ತೀವಿ’ ಎಂದು ಮುನ್ನೂರು ಮೆಟ್ಟಿಲು ಹೊತ್ತು ಹತ್ತಿಸಿದರಂತೆ. ಒಳ್ಳೆಯ ಜನ, ಅನುಮಾನವಿಲ್ಲ. ಎತ್ತಿದ ನಾಲ್ವರ ಹೆಸರೂ ನಮಗೆ ಬಾಯಿಪಾಠ. ಕುರ್ಚಿಯಲ್ಲಿದ್ದವಳ ಹೆಸರು ಯಾರಿಗೂ ಗೊತ್ತಿಲ್ಲ. ಅವಳಿಗೆ ಮೇಲೆ ಹೋಗಬೇಕಿತ್ತೋ, ಬುಡದ ನೆರಳಲ್ಲಿ ಕೂರಬೇಕಿತ್ತೋ, ಅದೂ ಗೊತ್ತಿಲ್ಲ. ನೀವು ಅವಳ ಕಾಲದಲ್ಲಿದ್ದೀರಿ. ನಾಳೆಯೋ ನಾಡಿದ್ದೋ ಯಾವುದೋ ಮೆಟ್ಟಿಲ ಹತ್ತಿರ ಕಂಡಾಳು. ಎತ್ತುವ ಮೊದಲು ಹೆಸರು ಕೇಳಿ, ಎಲ್ಲಿಗೆ ಹೋಗಬೇಕಮ್ಮ ಎಂದು ಕೇಳಿ. ಎತ್ತುವ ಆ ನಾಲ್ಕು ಜೋಡಿ ಕೈ ಒಂದು ಇಳಿಜಾರು ಕಟ್ಟಿದರೆ ಅವಳು ಮಾರನೇ ದಿನವೂ ಬಂದಾಳು, ಯಾರಿಗೂ ಹೇಳದೆ.

ಕೊನೆಯ ತಿರುವಿನಲ್ಲಿ ಗಾಳಿ ನನ್ನನ್ನೂ ಒಂದು ಗೇಣು ಹಿಂದೆ ತಳ್ಳಿತು, ಹೇಳಲು ಮರೆತೆ. ಬ್ರೇಕ್ ಹಾಕಿ ನಿಂತೆ. ಬೀಳುತ್ತಿರಲಿಲ್ಲ, ನಿಜಕ್ಕೂ ನಿಂತಿದ್ದೆ. ಅವಳು ಹೇಳಿದ್ದು ಸರಿ. ವಿರುಪಣ್ಣನಿಗೂ ಹಿಂದೆ ಬರಲು ಅಪ್ಪಣೆಯಿತ್ತು. ಬೇಡ ಭಾವ, ನನ್ನ ಕೈ ಮೇಲೆ ನನಗೆ ನಂಬಿಕೆಯಿಲ್ಲ ಎಂದು ಬುಡದಲ್ಲೇ ಉಳಿದ. ಇದೇನು, ಬರೆದ ಸಾಲು ಮಸುಕಾಗುತ್ತಿದೆ ಎಂದು ಕನ್ನಡಕ ಒರೆಸಿಕೊಂಡೆ, ಕನ್ನಡಕದ ದೋಷವಲ್ಲ, ಬೆಳಕು ಇಳಿಯುತ್ತಿದೆ. ಮಾತಿನಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ, ಇಳಿಯುವ ಅರ್ಧ ಇನ್ನೂ ಬಾಕಿಯಿದೆ. ನೇರ ಕೆಳಗೆ ವಿರುಪಣ್ಣ ಎರಡೂ ಕೈ ಮೇಲೆತ್ತಿ ತೋರಿಸುತ್ತ ನಿಂತಿದ್ದಾನೆ. ಅಂಗೈಗಳು ಇಲ್ಲಿಗೂ ಬೆಳ್ಳಗೆ ಕಾಣುತ್ತಿವೆ. ಅವು ಕಾಣುವಷ್ಟು ಬೆಳಕಿರುವಾಗಲೇ ಹೊರಡಬೇಕು.