ದೋಣಿ ದಾಟಿದ ಮೂವತ್ತೆಂಟು ಇಲಿಗಳು

ಮೇಟಗಳ್ಳಿ, ಮೈಸೂರು
9-2-1999

ಯಜಮಾನರಾದ ವಿಶ್ವನಾಥ್ ಅವರಿಗೆ ಪ್ರೇಮಲೀಲಾಳ ನಮಸ್ಕಾರ.

ಮಂಡಿನೋವು ಹೇಗಿದೆ? ಚಟ್ನಿಪುಡಿ ತಲುಪಿತೆ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ಕಾಗದ ಓದುವವರೆಗೂ ನಾನೂ ಚೆನ್ನಾಗಿದ್ದೆ.

ಅಲ್ಲಾರೀ, ಲಕ್ಷದ್ವೀಪದವರು ನಮ್ಮ ವರ್ಕ್‌ಶಾಪಿನಿಂದ ಇನ್ನೂರು ಇಲಿಬೋನು ತರಿಸಿಕೊಂಡದ್ದು ಯಾತಕ್ಕೆ? ಹಡಗಿನಲ್ಲಿ ಬಂದು ಸೇರಿಕೊಂಡ ಇಲಿಗಳು ಎಳೆ ತೆಂಗಿನಕಾಯನ್ನೆಲ್ಲ ಕೊರೆದು ಬೀಳಿಸುತ್ತಿವೆ ಅಂತ. ಬೋನು ಇಡುವುದು ಕಲಿಸಿ ಬನ್ನಿ ಅಂತ ನಿಮ್ಮನ್ನು ಕಳಿಸಿದೆ. ನೀವು ಬರೆಯುತ್ತೀರಿ: "ಮೂವತ್ತೆಂಟು ಬಿದ್ದವು. ಕೊಲ್ಲಲು ಮನಸ್ಸು ಬರಲಿಲ್ಲ. ಪಕ್ಕದಲ್ಲೇ ಜನವಿಲ್ಲದ ಮರಳುತಿಟ್ಟು, ದೋಣಿಯಲ್ಲಿ ಒಯ್ದು ಬಿಟ್ಟೆ, ಯಾರಿಗೂ ತೊಂದರೆಯಿಲ್ಲ." ಕೆಳಗೇ ಇನ್ನೊಂದು ಸಾಲು, ಆ ತಿಟ್ಟಿನಲ್ಲಿ ಕಾಲಿಡಲು ಜಾಗವಿಲ್ಲದಂತೆ ಕಡಲಹಕ್ಕಿಗಳು ಮೊಟ್ಟೆಯಿಟ್ಟಿವೆ, ನೋಡಲು ಎರಡು ಕಣ್ಣು ಸಾಲದು! ಇಲಿಗೂ ಎರಡು ಕಣ್ಣಿವೆ ಕಣ್ರೀ.

ಅದೇನು ಸಿದ್ಧಾರ್ಥನಗರವೇ? ಅಲ್ಲಿ ಬಾಡಿಗೆಗಿದ್ದಾಗ ಬೋನಿಗೆ ಬಿದ್ದದ್ದನ್ನು ವಾಕಿಂಗ್ ನೆಪದಲ್ಲಿ ಪಕ್ಕದ ರಸ್ತೆಯ ಮೋರಿಗೆ ಬಿಟ್ಟು ಬರುತ್ತಿದ್ದಿರಿ. ಆ ರಸ್ತೆಯ ವಸಂತಮ್ಮ ಅದನ್ನೇ ಹಿಡಿದು ನಮ್ಮ ಮೋರಿಗೆ ಬಿಡುತ್ತಿದ್ದರು. ಇಬ್ಬರಿಗೂ ಪುಣ್ಯ, ಇಲಿಗೆ ಸವಾರಿ. ಇಲ್ಲಿ ಬೆಕ್ಕಿದೆ, ಹದ್ದಿದೆ, ಕೇರೆಹಾವಿದೆ, ಹೇಗೋ ನಡೆಯಿತು. ಸಮುದ್ರದ ನಡುವೆ ಪಕ್ಕದ ರಸ್ತೆ ಎಲ್ಲಿಂದ ತರುತ್ತೀರಿ? ಆ ಹಕ್ಕಿಗಳು ಹುಟ್ಟಿದಾಗಿನಿಂದ ಇಲಿಯ ಮುಖ ಕಂಡಿಲ್ಲ, ಬರೀ ನೆಲದ ಮೇಲೆ ಮೊಟ್ಟೆಯಿಟ್ಟು ಕೂತಿವೆ. ಲೆಕ್ಕ ಹಾಕಿ: ಅರ್ಧ ಹೆಣ್ಣು ಅಂದರೂ ಹತ್ತೊಂಬತ್ತು, ಒಂದೊಂದಕ್ಕೆ ಆರು ಮರಿ, ಮೂರು ವಾರದ ಬಸಿರು. ಯುಗಾದಿ ಹೊತ್ತಿಗೆ ನೂರೈವತ್ತು ಬಾಯಿ! ನೀವೋ, ಮೂವತ್ತೆಂಟು ಜೀವ ಉಳಿಸಿದೆ ಅಂತ ನೆಮ್ಮದಿಯಾಗಿ ನಿದ್ದೆ ಮಾಡಿದಿರಂತೆ.

ಕಾಗದ ಕಂಡ ಕೂಡಲೇ ಅಲ್ಲಿಯವರಿಗೆ ನಿಜ ಹೇಳಿ. ನಮ್ಮ ಮರ್ಯಾದೆ ಹೋದರೆ ಹೋಗಲಿ. ಅವು ಮರಿ ಹಾಕುವ ಮುಂಚೆ ಮೂವತ್ತೆಂಟೂ ಸಿಗಬೇಕು. ಮೂವತ್ತೇಳು ಸಿಕ್ಕಿತು ಅಂತ ಹಡಗು ಹತ್ತಿಬಿಟ್ಟೀರಿ, ಹುಷಾರ್.

ಲಾಸ್ಯ ಅಪ್ಪನಿಗೆ ಮುತ್ತು ಕಳಿಸಿದ್ದಾಳೆ. ನನ್ನ ಕಡೆಯಿಂದ ಸದ್ಯಕ್ಕೆ ಬರೀ ನಮಸ್ಕಾರ.

ಇತಿ,
ಪ್ರೇಮಲೀಲಾ

ತಾ.ಕ. ಮೇಲೆ ಬರೆಯದೆ ಬಿಟ್ಟದ್ದು: ಈ ಕಾಗದದ ಜೊತೆಗೆ ಬರುವ ಪೆಟ್ಟಿಗೆಯಲ್ಲಿರುವುದು ಬೋನಲ್ಲ, ಇಲಿಕತ್ತರಿ. ಸ್ಪ್ರಿಂಗ್ ಬಿಟ್ಟರೆ ಕತ್ತು ಮುರಿಯುತ್ತದೆ. ಹಕ್ಕಿಯ ಕಾಲು ಸಿಗದಂತೆ ತಗಡಿನ ಕೊಳವೆಯೊಳಗೆ ಇಡಬೇಕು. ಇಂಥದ್ದು ನಮ್ಮಲ್ಲಿ ಮಾಡಲ್ಲ ಅಂತ ಹದಿನಾರು ವರ್ಷ ಗಿರಾಕಿಗಳನ್ನು ವಾಪಸ್ ಕಳಿಸಿದವಳು ನಾನೇ. ಕೆಲಸದ ಮೂಗಯ್ಯ ಮುಟ್ಟಲ್ಲ ಕಣಮ್ಮ ಅಂದ. ನಾನೇ ಕೂತು ಅರವತ್ತು ಮಾಡಿದೆ. ನಿನ್ನೆ ಒಂದನ್ನು ಗೋಡೌನಿನಲ್ಲಿಟ್ಟು ನೋಡಿದೆ. ಕೆಲಸ ಮಾಡುತ್ತದೆ. ಆಮೇಲೆ ನನಗೆ ಊಟ ಸೇರಲಿಲ್ಲ. ನಿಮಗೂ ಸೇರುವುದಿಲ್ಲ. ಆದರೂ ಇಡಿ.