ತಾರಸಿಯ ಕೆಳಗೆ ನಿಲ್ಲುವವರು

ಬುಧವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನೀನು ಹೊಲಿದು ಕಳಿಸಿದ ದಪ್ಪ ಕೋಟು ತಲುಪಿತು. ತೋಳು ಒಂದು ಬೆರಳು ಉದ್ದ ಇದೆ. ನನ್ನ ಕೈ ಚಿಕ್ಕದಾಗಿರಬೇಕೇ ಹೊರತು ನಮ್ಮಮ್ಮನ ಅಳತೆ ತಪ್ಪಲಾರದು ಅಂತ ಅತ್ತೆಯ ಮುಂದೆ ವಾದಿಸಿ ಗೆದ್ದೆ. ಬಂದು ನಾಲ್ಕು ದಿನ ಇದ್ದು ಹೋಗು ಅಂತ ನೀನು ಎರಡು ಸಲ ಬರೆದೆ. ಎರಡಕ್ಕೂ ಕೆಲಸ ಜಾಸ್ತಿ ಅಂತ ಒಂದೇ ಸಾಲು ಗೀಚಿದೆ. ನಿನಗೆ ಅನುಮಾನ ಬಂದೇ ಬಂದಿರುತ್ತದೆ. ನಿಜವಾಗಿ ಕೆಲಸ ಜಾಸ್ತಿ ಇದ್ದಾಗ ಪುಟಗಟ್ಟಲೆ ಗೋಳಾಡುವವಳು ನಾನು. ಚಿಕ್ಕ ಕಾಗದ ಬಂತು ಅಂದರೆ ಏನೋ ಮುಚ್ಚಿಡುತ್ತಿದ್ದೇನೆ ಅಂತಲೇ ಅರ್ಥ. ಇವತ್ತು ಹೇಳಿಬಿಡುತ್ತೇನೆ. ಮಿಷನ್ನು ನಿಲ್ಲಿಸಿ, ಕತ್ತರಿ ಕೆಳಗಿಟ್ಟು ಓದು.

ನಮ್ಮ ಮನೆಯನ್ನು ನೀನು ಮದುವೆಯ ಗಡಿಬಿಡಿಯಲ್ಲಿ ನೋಡಿದ್ದಷ್ಟೇ. ಅಡುಗೆಮನೆಯ ಹಿಂಬಾಗಿಲು ತೆಗೆದರೆ ಲ್ಯಾಬು. ಒಂದು ನೀರಿನ ತೊಟ್ಟಿ, ಕಾಂಕ್ರೀಟು ಒಡೆಯುವ ಪ್ರೆಸ್ಸು, ನನ್ನ ಮೇಜು, ಮಾವನ ಕುರ್ಚಿ. ಆಫೀಸಿನ ಜಗಳ ಮನೆಗೆ ತರಬಾರದು ಅಂತಾರಲ್ಲ, ನಮ್ಮಲ್ಲಿ ತರುವುದಕ್ಕೆ ನಡುವೆ ರಸ್ತೆಯೇ ಇಲ್ಲ. ಮನೆಯಲ್ಲಿ ಮುನಿಸಿಕೊಂಡು ಕೆಲಸಕ್ಕೆ ಹೋದರೂ ಅದೇ ಮುಖಗಳು, ಕೆಲಸದಲ್ಲಿ ಮುನಿಸಿಕೊಂಡು ಊಟಕ್ಕೆ ಬಂದರೂ ಅದೇ ಮುಖಗಳು. ಆ ಮುಖಗಳಾದರೂ ಕೆಟ್ಟವಾಗಿದ್ದರೆ ಎಷ್ಟೋ ಸುಲಭವಿತ್ತು. ಎಲ್ಲರೂ ಒಳ್ಳೆಯವರು, ಅದೇ ನನ್ನ ಕಷ್ಟ.

ಮೊದಲು ನನ್ನ ಕೆಲಸ ಏನು ಅಂತ ಹೇಳುತ್ತೇನೆ. ತಾರಸಿಗೆ ಕಾಂಕ್ರೀಟು ಸುರಿಯುವಾಗ ಅದರಲ್ಲೇ ಒಂದಿಷ್ಟು ತೆಗೆದು ಕಬ್ಬಿಣದ ಚೌಕದ ಅಚ್ಚುಗಳಿಗೆ ತುಂಬುತ್ತಾರೆ. ಅದಕ್ಕೆ ಕ್ಯೂಬು ಅಂತಾರೆ. ಕೆಲವು ದಿನ ಬಿಟ್ಟು ನಾನು ಆ ಕ್ಯೂಬುಗಳನ್ನು ಪ್ರೆಸ್ಸಿನಲ್ಲಿಟ್ಟು ಒಡೆಯುತ್ತೇನೆ. ಎಷ್ಟು ಭಾರ ತಡೆದು ಒಡೆಯಿತೋ ಅದನ್ನು ನೋಡಿ, ತಾರಸಿಯೂ ಅಷ್ಟೇ ಗಟ್ಟಿಯಾಗಿದೆ ಅಂತ ಬರೆದು ಸಹಿ ಹಾಕುತ್ತೇನೆ. ಅಲ್ಲಿಯವರೆಗೆ ತಾರಸಿಯ ಭಾರ ಹೊತ್ತಿರುವ ಕೆಳಗಿನ ಸೆಂಟ್ರಿಂಗ್ ಕಂಬಗಳನ್ನು ಆಮೇಲೇ ಬಿಚ್ಚುವುದು. ನಾನು ಪೆನ್ನು ಹಿಡಿಯುವ ತನಕ ಒಂದು ಕಂಬವೂ ಅಲ್ಲಾಡುವ ಹಾಗಿಲ್ಲ. ಇಷ್ಟು ಅಧಿಕಾರ ಇರುವ ಸೊಸೆ ಬೇರೆಲ್ಲೂ ಇಲ್ಲ ಅಂತ ನಿನ್ನ ಅಳಿಯ ರೇಗಿಸುತ್ತಾರೆ.

ಮಾವ ವಯಸ್ಸಿನಲ್ಲಿದ್ದಾಗ ಒಂದು ಪದ್ಧತಿ ಹಾಕಿಕೊಂಡಿದ್ದರು. ಗಟ್ಟಿಯಾಗಿದೆ ಅಂತ ಸಹಿ ಹಾಕಿದವರು, ಕಂಬ ಬಿಚ್ಚುವಾಗ ತಾರಸಿಯ ಕೆಳಗೆ ಹೋಗಿ ನಿಲ್ಲಬೇಕು. ಬೇರೆ ಯಾವ ಲ್ಯಾಬಿನಲ್ಲೂ ಇದಿಲ್ಲ. ಜನ ನಮ್ಮನ್ನು ಹುಡುಕಿಕೊಂಡು ಬರುವುದೇ ಇದಕ್ಕಾಗಿ. ಮಾವನಿಗೆ ಮಂಡಿನೋವು ಶುರುವಾದ ಮೇಲೆ ಇವರು ನಿಲ್ಲತೊಡಗಿದರು. ಪರೀಕ್ಷೆ ಪಾಸು ಮಾಡಿ ಸಹಿಯ ಹಕ್ಕು ನನಗೆ ಬಂದ ಮೇಲೂ, ಹೆಂಗಸನ್ನು ಅಲ್ಲಿ ನಿಲ್ಲಿಸುವುದೇನು ಅಂತ ಇವರೇ ನಿಂತರು. ಅಂದರೆ ಸಹಿ ನನ್ನದು, ತಲೆ ಇವರದು. ಇಷ್ಟು ದಿನ ಅದೊಂದು ತಮಾಷೆಯಾಗಿತ್ತು.

ಈಗ ಪೆಟ್ಟಿಗೆಯ ವಿಷಯ. ಮಾವನಿಗೆ ಬಿಸಿಯನ್ನು ಬಿಸಿಯಾಗಿಯೇ ಇಡುವ ಹುಚ್ಚು ಮೊದಲಿನಿಂದ. ಒಮ್ಮೆ ಹಾಲಿನ ಡಬ್ಬಿ ಮಾಡಿದ್ದರಂತೆ. ಸಂಜೆ ಹಾಕಿದ ಹಾಲು ಬೆಳಗಿನವರೆಗೂ ಬೆಚ್ಚಗಿತ್ತು, ಬೆಚ್ಚಗಿದ್ದೇ ಒಡೆದುಹೋಗಿತ್ತು. ಅತ್ತೆ ಈಗಲೂ ಆ ಮಾತೆತ್ತಿದರೆ ಮಾವ ಪೇಪರ್ ಅಗಲಿಸಿ ಮುಖ ಮುಚ್ಚಿಕೊಳ್ಳುತ್ತಾರೆ. ಆದರೆ ಕ್ಯೂಬಿನ ಪೆಟ್ಟಿಗೆ ಮಾತ್ರ ನಿಜವಾಗಿಯೂ ಗೆದ್ದಿತು. ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ಅವರೇ ಕುದಿಸಿ ಸುರಿದ ನೊರೆಯಂಥ ಪದಾರ್ಥ, ರಬ್ಬರಿನ ಅಂಚಿನ ಮುಚ್ಚಳ. ಚಳಿಗಾಲದಲ್ಲಿ ಲಾರಿಯ ಹಿಂದೆ ಬರುವ ಕ್ಯೂಬುಗಳು ಹೆಪ್ಪುಗಟ್ಟಿ ಬಿರುಕು ಬಿಡುತ್ತಿದ್ದವು. ಈ ಪೆಟ್ಟಿಗೆಯಲ್ಲಿ ಮಗುವಿನ ಹಾಗೆ ಮಲಗಿ ಬಂದವು. ದೊಡ್ಡ ಬಿಲ್ಡರ್ ಒಬ್ಬರು ಅದನ್ನು ಮೆಚ್ಚಿ, ತಮ್ಮ ಎಲ್ಲ ಕಟ್ಟಡಗಳಿಗೂ ಇದೇ ಪೆಟ್ಟಿಗೆ ಅಂದಿದ್ದಾರೆ. ಮೊದಲು ಒಂದು ತಾರಸಿ ಪರೀಕ್ಷೆಗೆ. ಅಮ್ಮಾ, ಆ ದಿನ ಮಾವ ಹೊಸ ಅಂಗಿ ಹಾಕಿಕೊಂಡು ಎಲ್ಲಿಗೂ ಹೋಗದೆ ಮನೆಯಲ್ಲೇ ಓಡಾಡಿದರು. ಜೀವಮಾನವಿಡೀ ಪೆಟ್ಟಿಗೆ ತಾತ ಅಂತ ನಗಿಸಿಕೊಂಡ ಮನುಷ್ಯ.

ಅವರು ಮಾಡಿದ್ದು ಇನ್ನೊಂದೂ ಇದೆ, ಅದಕ್ಕೆ ನಾವು ಹುಳ ಅಂತೀವಿ. ಕಡಲೆಕಾಳಿನಷ್ಟು ಗುಂಡು, ಅದಕ್ಕೊಂದು ತಂತಿಯ ಬಾಲ. ಗುಂಡನ್ನು ತಾರಸಿಯ ಕಾಂಕ್ರೀಟಿನೊಳಗೇ ಹೂತುಬಿಡುವುದು. ಒಳಗೆ ಎಷ್ಟು ಬಿಸಿ, ಎಷ್ಟು ತಣ್ಣಗೆ ಅಂತ ಬಾಲದ ತುದಿಯ ಮೀಟರು ಹೇಳುತ್ತದೆ. ಕಾಂಕ್ರೀಟು ಬೆಚ್ಚಗಿದ್ದರೆ ಬೇಗ ಗಟ್ಟಿಯಾಗುತ್ತದೆ, ತಣ್ಣಗಿದ್ದರೆ ತೀರಾ ನಿಧಾನ. ಈ ಸಲದ ಚಳಿ ನಿನಗೆ ಗೊತ್ತೇ ಇದೆ. ಲಾರಿಯಲ್ಲಿ ತರುವುದಕ್ಕೆ ಅಂತ ಮಾಡಿದ ಪೆಟ್ಟಿಗೆಯಿಂದ ಆ ಪರೀಕ್ಷೆಯ ತಾರಸಿಯ ಕ್ಯೂಬುಗಳನ್ನು ಮಾವ ಹೊರಗೆ ತೆಗೆಯಲೇ ಇಲ್ಲ, ಒಡೆಯುವ ದಿನದವರೆಗೂ ಅದರಲ್ಲೇ ಇಟ್ಟರು. ಕ್ಯೂಬುಗಳು ಕಲ್ಲಿನ ಹಾಗೆ ನಿಂತವು. ಮೀಟರು ನೋಡಿದರೆ, ಬಯಲಲ್ಲಿ ಮಲಗಿದ್ದ ತಾರಸಿ ಒಂದು ದಿನವೂ ಬೆಚ್ಚಗಾಗಿಲ್ಲ. ನಿನ್ನ ಭಾಷೆಯಲ್ಲಿ ಹೇಳಬೇಕೆಂದರೆ, ಒಬ್ಬರ ಅಳತೆ ತೆಗೆದು ಇನ್ನೊಬ್ಬರಿಗೆ ಹೊಲಿದ ಹಾಗೆ. ಬಟ್ಟೆಯಾದರೆ ಬಿಚ್ಚಿ ಹೊಲಿಯಬಹುದು.

ಮಾವನಿಗೆ ತೋರಿಸಿದೆ. ಕನ್ನಡಕ ಏರಿಸಿ ಮೀಟರು ನೋಡಿದರು, ಇಳಿಸಿ ನನ್ನನ್ನು ನೋಡಿದರು. ಹುಳಕ್ಕೆ ನೀರು ಹೊಕ್ಕಿದೆ ಮಗು, ಅದನ್ನು ನಂಬಬೇಡ ಅಂದರು. ತಮ್ಮ ಕೈಯಾರೆ ಮಾಡಿದ್ದನ್ನೇ ಅಷ್ಟು ಸಲೀಸಾಗಿ ಸುಳ್ಳು ಮಾಡಿದರು. ಒಂದು ಮಗುವನ್ನು ಕಾಪಾಡುವುದಕ್ಕೆ ಇನ್ನೊಂದನ್ನು ಕಳ್ಳ ಅಂದ ಹಾಗಾಯಿತು. ಅತ್ತೆಗೆ ಹೇಳಿದರೆ, ಅವರ ಮುಖ ನೋಡಿದ್ದೀಯಾ, ಇಷ್ಟು ಗೆಲುವಾಗಿ ಎಂದಾದರೂ ಇದ್ದರಾ ಅಂತ ನನ್ನನ್ನೇ ಕೇಳಿದರು. ಇವರಿಗೆ ಹೇಳಿದೆ. ಇವರು ಶೂ ಲೇಸು ಕಟ್ಟುತ್ತಾ, ಸಹಿ ಹಾಕಿಬಿಡು, ನಿಲ್ಲೋನು ನಾನು ತಾನೇ, ಅಪ್ಪನ ಖುಷಿಗಿಂತ ನನ್ನ ತಲೆ ಹೆಚ್ಚಾ ಅಂದರು. ತಲೆ ಎತ್ತಲೇ ಇಲ್ಲ.

ಅಡಕತ್ತರಿಯಲ್ಲಿ ಸಿಕ್ಕಿಕೊಂಡ ಹಾಗಾಯಿತು ಅಮ್ಮಾ. ಸಹಿ ಹಾಕಿದರೆ ಗಂಡನನ್ನು ಅದರ ಕೆಳಗೆ ನಿಲ್ಲಿಸಬೇಕು. ಹಾಕದಿದ್ದರೆ, ನನಗೆ ಕೆಲಸ ಕಲಿಸಿದ, ಜ್ವರ ಬಂದಾಗ ಹಣೆಗೆ ತಣ್ಣೀರು ಬಟ್ಟೆ ಹಾಕಿದ ಮನುಷ್ಯನ ಕತ್ತು ನಾನೇ ಹಿಸುಕಬೇಕು. ನಿನ್ನ ಬಳಿ ಓಡಿ ಬಂದುಬಿಡೋಣ ಅನ್ನಿಸಿತು. ಬಂದರೆ ಮಾವನೇ ಸಹಿ ಹಾಕುತ್ತಾರೆ, ಆ ಹಕ್ಕು ಅವರಿಗೂ ಇದೆ. ಇವರು ಆಗಲೂ ಹೋಗಿ ನಿಲ್ಲುತ್ತಾರೆ. ಹಾಗಾಗಿ ಕೆಲಸ ಜಾಸ್ತಿ ಅಂತ ನಿನಗೆ ಒಂದು ಸಾಲು ಬರೆದೆ.

ಕೊನೆಗೆ ಸಹಿ ಹಾಕಿದೆ. ಬೈಯಬೇಡ, ಪೂರ್ತಿ ಕೇಳು. ಸಹಿ ಹಾಕಿ, ಈ ಸಲ ಪದ್ಧತಿಯ ಪ್ರಕಾರ ನಾನೇ ನಿಲ್ಲುತ್ತೇನೆ ಅಂದೆ. ಮಾವ ನಕ್ಕರು, ನಾನು ಹೆದರಿಸುತ್ತಿದ್ದೇನೆ ಅಂದುಕೊಂಡರು. ನಿಜಕ್ಕೂ ಹೆದರಿಸುವುದಕ್ಕೇ ಅಂದದ್ದು. ಆದರೆ ಕಂಬಗಳ ನಡುವೆ ನುಗ್ಗಿ ನಡುಮಧ್ಯ ಹೋಗಿ ನಿಂತಾಗ ನಾನೇ ಒಂದು ಕಂಬ ಹಿಡಿದುಕೊಂಡೆ. ತಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಅಷ್ಟೂ ಭಾರ. ಮೇಸ್ತ್ರಿ ಸುತ್ತಿಗೆ ಎತ್ತಿದ. ಆಗ ಮಾವ, ತಡಿ, ತಡಿ ಅಂತ ಕೋಲು ಊರುತ್ತಾ ಬಂದರು. ಸೊಸೆಗೆ ಮೈ ಹುಷಾರಿಲ್ಲ, ಇವತ್ತು ಬೇಡ ಅಂತ ಮೇಸ್ತ್ರಿಗೆ ಹೇಳಿ, ನನಗೆ ಈಚೆ ಬಾ ಮಗು ಅಂದರು. ಬದುಕಿದೆ ಅಂದುಕೊಂಡೆ. ಈಚೆ ಬಂದು ನೋಡಿದರೆ ಇವರು ಮರಳಿನ ಗುಡ್ಡೆಯ ಪಕ್ಕ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಆ ಮುಖವನ್ನು ನಾನು ಹಿಂದೆ ನೋಡಿರಲಿಲ್ಲ.

ಇವರಿಗೆ ಏನನ್ನಿಸುತ್ತದೆ ಅಂತ ನಾನು ಮೊದಲೇ ಯೋಚಿಸಬೇಕಿತ್ತು. ಮಾವನಿಗೆ ಗೊತ್ತಿತ್ತು. ಹುಳ ಸರಿಯಾಗಿದೆ ಅಂತ ಗೊತ್ತಿದ್ದೇ ಮಗನನ್ನು ನಿಲ್ಲಿಸಲು ಹೊರಟಿದ್ದರು. ನಾನು ನಿಂತಾಗ ಬಾಯಿ ಬಂತು. ಆ ದಿನ ಊಟಕ್ಕೆ ಕೂತಾಗ ಇವರು, ಅಪ್ಪಾ, ನಾನಾಗಿದ್ದರೆ ತಡಿ ಅಂತಿದ್ರಾ ಅಂತ ಕೇಳಿದರು. ಜಗಳದ ಧ್ವನಿಯಲ್ಲಲ್ಲ, ಉಪ್ಪು ಕೇಳಿದ ಹಾಗೆ. ಮಾವ ತಲೆ ಬಗ್ಗಿಸಿ ಊಟ ಮಾಡಿದರು. ಅತ್ತೆ ಬಡಿಸುತ್ತಲೇ ಇದ್ದರು, ತಟ್ಟೆ ತುಂಬಿದ್ದೂ ಕಾಣಲಿಲ್ಲ.

ಮಾರನೆಯ ದಿನ ಮಾವ ನನ್ನ ವರದಿ ತೆಗೆದಿಟ್ಟು, ತಾವೇ ಹೊಸದು ಬರೆದು ಸಹಿ ಹಾಕಿದರು. ಅವಳು ಬೇಡ, ಯಾವಾಗಲೂ ನಿಲ್ಲುವವನೇ ನಿಲ್ಲಲಿ ಅಂದರು. ನಾನು ಹಿಂದೆಯೇ ಹೋಗಿ, ಹಾಗಾದರೆ ನಿನ್ನೆ ನನ್ನನ್ನು ಯಾಕೆ ಈಚೆ ಕರೆದಿರಿ ಅಂತ ಕೇಳಿದೆ. ನೀನು ಇನ್ನೊಬ್ಬರ ಮನೆಯ ಮಗಳು, ನಾಳೆ ನಿಮ್ಮಮ್ಮನಿಗೆ ಏನಂತ ಉತ್ತರ ಕೊಡಲಿ ಅಂದರು. ಇವರು ಯಾರ ಮನೆಯ ಮಗ ಅಂತ ನಾಲಿಗೆಯ ತುದಿಗೆ ಬಂತು. ಕೇಳದೆ, ಅವರು ಬಿಟ್ಟಿದ್ದ ಪೆನ್ನಿಗೆ ಮುಚ್ಚಳ ಹಾಕಿಟ್ಟು ಬಂದೆ.

ಇವರು ಚಾಪೆ, ಹೊದಿಕೆ, ನೀರಿನ ಬಾಟಲಿ ತೆಗೆದುಕೊಂಡು ಹೋಗಿ ಆ ತಾರಸಿಯ ಕೆಳಗೆ ಕೂತುಬಿಟ್ಟಿದ್ದಾರೆ. ನಿಲ್ಲಲೇಬೇಕಾದವನು ಮೊದಲೇ ಬಂದಿದ್ದೀನಿ, ಅಪ್ಪ ಬಂದು ಅವಳನ್ನು ಕರೆದ ಹಾಗೆ ನನ್ನನ್ನೂ ಕರೆದರೆ ಏಳುತ್ತೇನೆ ಅಂತಾರೆ. ಕರೆದರೆ ತಾರಸಿ ಗಟ್ಟಿಯಿಲ್ಲ ಅಂತ ಒಪ್ಪಿದ ಹಾಗೆ, ಪೆಟ್ಟಿಗೆಯ ಕಥೆ ಅಲ್ಲಿಗೆ ಮುಗಿದ ಹಾಗೆ. ಅದಕ್ಕೇ ಮಾವ ಮನೆ ಬಿಟ್ಟು ಕದಲಿಲ್ಲ. ಹಠ ಮಾಡ್ತಾನೆ, ಚಿಕ್ಕಂದಿನಿಂದಲೂ ಹಾಗೇ ಅಂತ ಗೋಡೆಗೆ ಹೇಳುತ್ತಾರೆ. ಅತ್ತೆ ಊಟದ ಡಬ್ಬಿ ಕಟ್ಟಿ ಕೊಡುತ್ತಾರೆ, ನಾನು ಹೊತ್ತು ತರುತ್ತೇನೆ. ತಂದವಳು ವಾಪಸು ಹೋಗಲು ಮನಸ್ಸು ಬಾರದೆ ಇಲ್ಲೇ ಕೂತಿದ್ದೇನೆ. ಹೌದು ಅಮ್ಮಾ, ಈ ಕಾಗದ ಬರೆಯುತ್ತಿರುವುದು ಅದೇ ತಾರಸಿಯ ಕೆಳಗೆ. ಗಾಬರಿಯಾಗಬೇಡ, ಕಂಬಗಳು ಇರುವವರೆಗೆ ಏನೂ ಆಗುವುದಿಲ್ಲ. ಸುತ್ತಲೂ ಕಂಬಗಳೇ, ಕಾಲು ಚಾಚಿದರೆ ಒಂದು ತಗಲುತ್ತದೆ. ಇವರು ಪಕ್ಕದಲ್ಲಿ ಮಲಗಿ ಹಲಗೆಯ ಗಂಟುಗಳನ್ನು ನೋಡುತ್ತಿದ್ದಾರೆ. ಮದುವೆಯಾದ ಮೇಲೆ ನಾವಿಬ್ಬರೇ ಇಷ್ಟು ಹೊತ್ತು ಒಂದು ಕಡೆ ಕೂತದ್ದು ಇದೇ ಮೊದಲು, ನಗಬೇಡ.

ನಾಳೆ ಬೆಳಗ್ಗೆ ಬಿಲ್ಡರ್ ತಮ್ಮ ಪಾಲುದಾರರನ್ನು ಕರೆದುಕೊಂಡು ಬರುತ್ತಾರೆ. ಅವರ ಎದುರಿಗೇ ಕಂಬ ಬಿಚ್ಚಬೇಕು. ಅಷ್ಟರೊಳಗೆ ಮಾವ ಬಾಯಿ ಬಿಡದಿದ್ದರೆ ನಾನೇ ಎದ್ದು ಮೀಟರಿನ ವಿಷಯ ಹೇಳುತ್ತೇನೆ. ಹೇಳಿ ಆ ಮನೆಗೆ ಹೇಗೆ ಹೋಗಲಿ, ಅವರ ಮುಂದೆ ಹೇಗೆ ತಟ್ಟೆ ಇಡಲಿ, ತಿಳಿಯದು. ನಾಲಿಗೆ ಏಳುತ್ತದೋ ಇಲ್ಲವೋ, ಅದೂ ತಿಳಿಯದು. ಹೊಂದಿಕೊಂಡು ಹೋಗು ಅಂತ ನೀನು ಕಳಿಸಿಕೊಟ್ಟೆ. ಹೊಂದಿಕೊಂಡೆ ಅಮ್ಮಾ, ಎಷ್ಟು ಹೊಂದಿಕೊಂಡೆ ಅಂದರೆ ಈಗ ಯಾವ ಕಡೆಗೂ ಅಲುಗಾಡಲು ಜಾಗವಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ. ನೀನು ಇಲ್ಲಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿದೆ, ಅಷ್ಟೇ.

ಕಣ್ಣಿಗೆ ಆಯಾಸ ಮಾಡಿಕೊಂಡು ಹೊಲಿಯಬೇಡ.

ನಿನ್ನ ಕೋಟು ಹಾಕಿಕೊಂಡು ಕೂತಿರುವ,
ನಿನ್ನ ಮಗಳು

ತಾ.ಕ.: ಕಾಗದ ಮಡಚುವಷ್ಟರಲ್ಲಿ ಮಾವ ಬಂದರು. ಒಬ್ಬರೇ, ಆ ಮಂಡಿ ಇಟ್ಟುಕೊಂಡು ನಡೆದೇ ಬಂದಿದ್ದರು. ಕರೆಯುತ್ತಾರೆ ಅಂತ ಇವರು ಎದ್ದು ನಿಂತರು. ಮಾವ ಕರೆಯಲಿಲ್ಲ. ಕಂಬಗಳ ನಡುವೆ ಬಗ್ಗಿಕೊಂಡು ಒಳಗೇ ಬಂದು, ಮಗನಿಗೆ ಸ್ವಲ್ಪ ಸರಿ ಅಂದು, ಅದೇ ಚಾಪೆಯ ಮೇಲೆ ಕೂತರು. ಮೇಸ್ತ್ರಿ ಬಂದು ಹೊರಗೇ ನಿಂತು, ಯಜಮಾನರೇ, ನಾಳೆ ಯಾವ ಕಡೆಯಿಂದ ಬಿಚ್ಚಲಿ ಅಂತ ಕೇಳಿದ. ಮಾವ ಮಗನ ಅಂಗೈ ಹಿಡಿದು, ತಿರುಗಿಸಿ, ತಮ್ಮ ಎರಡು ಕೈಯ ನಡುವೆ ಇಟ್ಟುಕೊಂಡು, ಇಲ್ಲಿ ಇಷ್ಟು ಚಳಿ ಇದೆ ಅಂತ ನನಗೆ ಗೊತ್ತಿರಲಿಲ್ಲ ಕಣೋ ಅಂದರು. ಮೇಸ್ತ್ರಿ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೋದ.