ಕರೆ ಕಟ್ ಮಾಡದೆ ಮಲಗಿ

ರೀ,

ಡಾಕ್ಟರ ಮುಂದೆ ನಿಮ್ಮ ಗೊರಕೆಯನ್ನು ಹಾಗೇ ಹೊಡೆದು ತೋರಿಸಿದೆ. ಕಟ್ಟಿದ ಮೂಗಿನ ಸೀಟಿಗೆ ನಕ್ಕರು. ಉಸಿರೇ ನಿಲ್ಲುವ ಭಾಗ ಬಂದಾಗ ನಗಲಿಲ್ಲ. "ಮೂಗು ಕಟ್ಟಿದ್ರೂ, ಹೊಟ್ಟೆಯ ಹುಳಿ ಗಂಟಲಿಗೆ ಬಂದ್ರೂ ಇದು ಜಾಸ್ತಿಯಾಗ್ಬಹುದು. ಅವರನ್ನೇ ಕರ್ಕೊಂಡು ಬನ್ನಿ" ಅಂದರು. ಸೋಮವಾರ ಹೋಗೋಣ, ತಕರಾರು ಬೇಡ.

ಈಗಲೇ ಊಟ ಮಾಡಿ. ಉಂಡ ಕೂಡಲೇ ಅಡ್ಡಾಗಬೇಡಿ. ಮೂಗಿನ ಸ್ಪ್ರೇ ಕಿಟಕಿಯಲ್ಲಿದೆ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ನನ್ನ ಕಾಲೇಜು ಪುಸ್ತಕಗಳನ್ನಿಟ್ಟು ಎತ್ತರಿಸಿದ್ದೇನೆ. ನನ್ನ ಓದು ಕೊನೆಗೂ ಒಬ್ಬರ ತಲೆಗೆ ಹತ್ತಲಿ.

ಇವತ್ತಿನಿಂದ ನನಗೆ ರಾತ್ರಿ ಪಾಳಿ. ಉಸಿರು ನಿಂತಾಗ ತಿವಿದು ಎಬ್ಬಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಗೋದಾಮಿನ ಕಾವಲಿಗೂ ನಾನೊಬ್ಬಳೇ. ನಾನು ಕರೆ ಮಾಡಿದಾಗ ಎತ್ತಿ, ಫೋನನ್ನು ದಿಂಬಿನ ಪಕ್ಕ ಇಟ್ಟು, ಕರೆ ಕಟ್ ಮಾಡದೆ ಮಲಗಿ. ಉಸಿರು ನಿಂತರೆ ಕೂಗುತ್ತೇನೆ. ನಿಲ್ಲದಿದ್ದರೆ ಸುಮ್ಮನೆ ಕೇಳುತ್ತಾ ಕೂತಿರುತ್ತೇನೆ.